ಮೂರನೇ ದರ್ಜೆಯ ಬೆಸುಗೆ

ಆಗ್ಲಿಬಿಡಿಯವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರನ್ನು ಯಾರೂ ಬಳಸಲಿಲ್ಲ. ಬಸ್ಸಿನಲ್ಲಿ ಕಾಲು ತುಳಿದವರಿಗೂ, ಸಾಲಿನಲ್ಲಿ ನಡುವೆ ನುಗ್ಗಿದವರಿಗೂ, ತಮ್ಮದೇ ಕುರ್ಚಿಯಲ್ಲಿ ಬಂದು ಕೂತು ಎದ್ದೇಳದವರಿಗೂ ಅವರು ಹೇಳುತ್ತಿದ್ದ ಮಾತು ಒಂದೇ: "ಆಗ್ಲಿ ಬಿಡಿ." ಆ ಮಾತೇ ಹೆಸರಾಗಿ ನಿಂತಿತು. ಹೆಂಡತಿಯೊಬ್ಬಳು ಮಾತ್ರ "ರೀ" ಎನ್ನುತ್ತಿದ್ದಳು. ಆ ಒಂದಕ್ಷರದ ಎಳೆತ ನೋಡಿಯೇ ಅವರು ದಿನದ ಹವಾಮಾನ ತಿಳಿದುಕೊಳ್ಳುತ್ತಿದ್ದರು.

ಇಂಥ ಮನುಷ್ಯನನ್ನು "ಇದು ಆಗೋದಿಲ್ಲ" ಎಂದು ಹೇಳುವ ಕೆಲಸಕ್ಕೇ ನೇಮಿಸಿದ್ದು ಕಾರ್ಖಾನೆಯ ಯಜಮಾನರ ಚಾಣಾಕ್ಷತನ.

ಅದು ಲಿಫ್ಟ್‌ಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಬೋರ್ಡು ತಯಾರಿಸುವ ಪುಟ್ಟ ಕಾರ್ಖಾನೆ. ಉದ್ದನೆಯ ಮೇಜು, ಅದರ ಎರಡೂ ಬದಿಗೆ ಹೆಂಗಸರು, ಪ್ರತಿಯೊಬ್ಬರ ಕೈಯಲ್ಲೂ ಬೆಸುಗೆ ಹಾಕುವ, ಪೆನ್ಸಿಲಿನಂಥ ಸೋಲ್ಡರಿಂಗ್ ಐರನ್ನು. ತಂತಿ ಕರಗಿ ತೊಟ್ಟಿಕ್ಕಿದಾಗೆಲ್ಲ ರಾಳದ ಹೊಗೆ ಎದ್ದು ಮೂಗಿಗೆ ಬಡಿಯುತ್ತಿತ್ತು. ಮೇಜಿನ ಕೊನೆಯಲ್ಲಿ ದೀಪ ಕಟ್ಟಿದ ಒಂದು ದೊಡ್ಡ ಭೂತಗನ್ನಡಿ. ಅದರ ಹಿಂದೆ ಕೂರುತ್ತಿದ್ದ ಹಳೆಯ ಇನ್ಸ್‌ಪೆಕ್ಟರ್ ಸ್ವಲ್ಪ ಅನುಮಾನ ಬಂದರೂ ಬೋರ್ಡನ್ನು ಪಕ್ಕದ ಕೆಂಪು ಡಬ್ಬಕ್ಕೆ ಹಾಕಿಬಿಡುತ್ತಿದ್ದ. ಡಬ್ಬ ತುಂಬಿದಂತೆಲ್ಲ ಯಜಮಾನರ ರಕ್ತದೊತ್ತಡ ಏರುತ್ತಿತ್ತು. ಕೊನೆಗೆ ಇಬ್ಬರಲ್ಲಿ ಒಬ್ಬರು ಹೋಗಬೇಕಾಯಿತು. ಕಾರ್ಖಾನೆ ಯಜಮಾನರದ್ದಾದ್ದರಿಂದ ಇನ್ಸ್‌ಪೆಕ್ಟರ್ ಹೋದ.

"ನನಗೆ ಬೇಕಾಗಿರೋದು ಇನ್ಸ್‌ಪೆಕ್ಟರ್ರು, ಹಗೆ ಅಲ್ಲ," ಎಂದು ಯಜಮಾನರು ಸುತ್ತ ನೋಡಿದರು. ಪ್ಯಾಕಿಂಗ್ ವಿಭಾಗದಲ್ಲಿ ಆಗ್ಲಿಬಿಡಿಯವರು ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುತ್ತಿದ್ದರು. "ನೀವು ಇನ್ಸ್‌ಪೆಕ್ಟರ್ ಆಗ್ತೀರೇನ್ರೀ?"

"ಆಗ್ಲಿ ಬಿಡಿ," ಎಂದರು ಅವರು.

ನೇಮಕವಾಯಿತು. ಆದರೆ ಲಿಫ್ಟ್ ಕಂಪನಿಯವರದ್ದೊಂದು ನಿಯಮ ಅಡ್ಡ ಬಂತು. ಬೋರ್ಡು ಪಾಸು ಮಾಡುವವರು ತರಬೇತಿ ಪಡೆದಿರಬೇಕು. ಹೀಗಾಗಿ ಆಗ್ಲಿಬಿಡಿಯವರು ಸ್ಲೇಟು ಹಿಡಿದ ಮಗುವಿನ ಮುಖ ಮಾಡಿಕೊಂಡು ತರಗತಿಗೆ ಹೋಗಿ ಕೂತರು.

ಪಾಠ ಹೇಳುತ್ತಿದ್ದ ಮೇಡಂ ಸಾಸಿವೆಯಷ್ಟು ಬೆಸುಗೆಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರು. "ನೋಡಿ, ಇದು ಕಾವು ಸಾಲದ ಬೆಸುಗೆ. ಮೇಲಿಂದ ಅಂಟಿಕೊಂಡ ಹಾಗೇ ಕಾಣುತ್ತೆ. ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ."

"ನಮ್ಮನೇಲೂ ಹಾಗೇ ಮೇಡಂ," ಎಂದ ಹಿಂದಿನ ಬೆಂಚಿನವನೊಬ್ಬ. ಮೇಡಂ ನಗಲಿಲ್ಲ. ಅವರು ದರ್ಜೆಗಳ ವಿಷಯಕ್ಕೆ ಬಂದರು.

"ಸೋಲ್ಡರಿಂಗ್ ಕೆಲಸದಲ್ಲಿ ಮೂರು ದರ್ಜೆ. ಒಂದನೇ ದರ್ಜೆ ಅಂದ್ರೆ ಆಟಿಕೆ ಗೀಟಿಕೆ. ಕೆಟ್ಟರೆ ಮಗು ಅಳುತ್ತೆ. ಎರಡನೇದು ಟೀವಿ, ಮಿಕ್ಸಿ. ಕೆಟ್ಟರೆ ಮನೆಯವರೆಲ್ಲ ಅಳ್ತಾರೆ. ಮೂರನೇ ದರ್ಜೆ ಅಂದ್ರೆ ಜನರ ಪ್ರಾಣ ಅದರ ಮೇಲೆ ನಿಂತಿರುತ್ತೆ. ಅದು ಕೆಟ್ಟರೆ ಅಳೋಕೂ ಯಾರೂ ಉಳಿಯಲ್ಲ. ಒಂದನೇದಕ್ಕೆ ಸುಮಾರಾಗಿದ್ರೆ ಸಾಕು. ಮೂರನೇದಕ್ಕೆ ಕೂದಲೆಳೆಯಷ್ಟೂ ಬಿಟ್ಟುಕೊಡೋ ಹಾಗಿಲ್ಲ. ಬೋರ್ಡಿನ ತೂತಿನೊಳಗೆ ಬೆಸುಗೆ ಇಳಿದು ತುಂಬಿರಬೇಕು. ಅರ್ಧಂಬರ್ಧ ತುಂಬಿದ್ರೆ ಕೆಂಪು ಡಬ್ಬಕ್ಕೆ."

ಬದುಕಿನಲ್ಲಿ ಮೊದಲ ಸಲ ಆಗ್ಲಿಬಿಡಿಯವರಿಗೆ ಒಂದು ಪಾಠ ಪೂರ್ತಿ ಅರ್ಥವಾಯಿತು. ಮೂರನೇ ದರ್ಜೆಯ ಪರೀಕ್ಷೆಗೇ ಕೂತು ಒಳ್ಳೆಯ ಅಂಕ ತೆಗೆದು ಪಾಸಾದರು. ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿಕೊಂಡೇ ಮನೆಗೆ ಬಂದರು. ಅವರ ಕಷ್ಟಗಳು ಶುರುವಾದದ್ದು ಅಲ್ಲಿಂದ.

ಮನೆಯಲ್ಲಿ ಆಗ ಅವರ ಮಾವ ಬಂದು ಇಳಿದಿದ್ದರು. ಮಾವನವರು ನಿವೃತ್ತ ಹೆಡ್‌ಮಾಸ್ತರು. ನಿವೃತ್ತಿಯಾದದ್ದು ಶಾಲೆಗೆ ಗೊತ್ತಿತ್ತು, ಅವರಿಗೆ ಇನ್ನೂ ಗೊತ್ತಿರಲಿಲ್ಲ.

"ಏನಪ್ಪಾ, ಪರೀಕ್ಷೆ ಏನಾಯ್ತು?"

"ಪಾಸಾಯ್ತು ಮಾವ. ಮೂರನೇ ದರ್ಜೆ!"

ಮಾವ ಓದುತ್ತಿದ್ದ ಪೇಪರನ್ನು ಮಡಚಿದರು. ಮತ್ತೊಮ್ಮೆ ಮಡಚಿದರು. ಮಡಚಲು ಇನ್ನೇನೂ ಉಳಿಯದಿದ್ದಾಗ ಮಾತಾಡಿದರು.

"ನನ್ನ ಶಾಲೇಲಿ ಮೂರನೇ ದರ್ಜೆ ಬಂದ ಹುಡುಗರು ಹಿಂದಿನ ಗೇಟಿನಿಂದ ಮನೆಗೆ ಹೋಗ್ತಿದ್ರು. ನೀನು ಮುಂದಿನ ಬಾಗಿಲಿಂದ ಬರ್ತಿದ್ದೀಯ. ಅದೂ ನಗ್ತಾ. ಅದೂ ಚೌಕಟ್ಟು ಹಾಕಿಸ್ಕೊಂಡು."

"ಹಾಗಲ್ಲ ಮಾವ. ಇಲ್ಲಿ ಮೂರು ಅಂದ್ರೆ ಎಲ್ಲಕ್ಕಿಂತ ಮೇಲೆ. ಒಂದು ಅಂದ್ರೆ ಕೆಳಗೆ."

"ನಾನೂ ಲೆಕ್ಕ ಕಲಿಸಿದೋನಪ್ಪಾ," ಎಂದರು ಮಾವ ಶಾಂತವಾಗಿ. ಆ ಶಾಂತಿಗೆ ಹೆದರಿ ಶಾಲೆಯಲ್ಲಿ ಎಷ್ಟೋ ಹುಡುಗರು ಚಡ್ಡಿ ಒದ್ದೆ ಮಾಡಿಕೊಂಡಿದ್ದರು.

ಹೆಂಡತಿ ಗಂಡನ ಪರ ವಹಿಸಿದಳು. "ಹೋಗ್ಲಿ ಬಿಡಪ್ಪಾ, ಓದೋ ವಯಸ್ಸಾ ಇದು? ಫೇಲಾಗಲಿಲ್ವಲ್ಲ, ಅಷ್ಟೇ ಪುಣ್ಯ." ಆಮೇಲೆ ಗಂಡನ ಕಡೆ ತಿರುಗಿ, "ರೀ, ಆ ಚೌಕಟ್ಟು ಹಾಲ್‌ನಲ್ಲಿ ಬೇಡ. ಬಚ್ಚಲುಮನೆ ಪಕ್ಕ ಒಂದು ಮೊಳೆ ಖಾಲಿ ಇದೆ," ಎಂದಳು.

ಮಾರನೆಯ ದಿನದಿಂದ ಮಾವ ಬೆಳಗ್ಗೆ ಬೆಳಗ್ಗೆಯೇ ಅಳಿಯನನ್ನು ಎಬ್ಬಿಸಿ ಮಗ್ಗಿ ಕೇಳತೊಡಗಿದರು. "ಮುಂದಿನ ಸಲ ಎರಡನೇ ದರ್ಜೆಗಾದ್ರೂ ಏರಬೇಕು," ಎಂಬುದು ಅವರ ಗುರಿ. ಆಗ್ಲಿಬಿಡಿಯವರು ಹಲ್ಲುಜ್ಜುತ್ತಲೇ ಹದಿನೇಳರ ಮಗ್ಗಿ ಒಪ್ಪಿಸಿದರು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಮನೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಅವರಿದ್ದ ಕಟ್ಟಡದ ಲಿಫ್ಟು ಕೆಟ್ಟು ಕೂತಿತ್ತು.

ಐದು ಮಹಡಿಯ ಕಟ್ಟಡ. ನಿವಾಸಿಗಳ ಸಂಘದ ಅಧ್ಯಕ್ಷರು ಒಬ್ಬ ದಂತವೈದ್ಯರು. ಅವರ ಕ್ಲಿನಿಕ್ಕು ನೆಲಮಹಡಿಯಲ್ಲಿ, ಮನೆ ತುದಿಯ ಮಹಡಿಯಲ್ಲಿ. ಊಟಕ್ಕೆಂದು ಮೇಲೆ ಹತ್ತಿ, ಉಂಡು ಕೆಳಗಿಳಿಯುವಷ್ಟರಲ್ಲಿ ಮತ್ತೆ ಹಸಿವಾಗುತ್ತಿದೆ ಎಂದು ಅವರು ರೋಗಿಗಳ ಬಾಯಿ ಅಗಲಿಸಿ, ಅವರು ಉತ್ತರ ಕೊಡಲಾಗದ ಹೊತ್ತು ನೋಡಿ ದೂರುತ್ತಿದ್ದರು. ಲಿಫ್ಟಿನ ಬೋರ್ಡು ಸುಟ್ಟಿದೆ ಎಂದು ಮೆಕ್ಯಾನಿಕ್ ಹೇಳಿದಾಗ ಆಗ್ಲಿಬಿಡಿಯವರ ಹೆಂಡತಿ ಥಟ್ಟನೆ, "ನಮ್ಮನೆಯವರು ಮಾಡೋದು ಅದೇ ಅಲ್ವಾ? ಅವರೇ ತರ್ತಾರೆ," ಎಂದುಬಿಟ್ಟಳು.

"ಆಗ್ಲಿ ಬಿಡಿ," ಎಂದರು ಗಂಡ.

ಆ ಬೋರ್ಡಿಗಾಗಿ ಅವರು ಪಟ್ಟ ಶ್ರಮ ಸುಮ್ಮನೆ ಅಲ್ಲ. ಮೇಜಿನವರಲ್ಲಿ ಕೈ ಪಳಗಿದ್ದ ಹೆಂಗಸಿನಿಂದ ಮಾಡಿಸಿ, ಭೂತಗನ್ನಡಿಗೆ ಕಣ್ಣು ಅಂಟಿಸಿ ಕೂತರು. ಒಂದೊಂದು ಬೆಸುಗೆಯೂ ನುಣ್ಣಗೆ, ಬಿಡಿಭಾಗದ ತಂತಿಗಾಲಿನ ಸುತ್ತ ಇಳಿಜಾರಾಗಿ ಹರಿದು ಹೊಳೆಯುತ್ತಿತ್ತು. ತೂತುಗಳು ತುಂಬಿದ್ದವು. ಪಕ್ಕದ ಎರಡು ಕಾಲುಗಳ ನಡುವೆ ಬೆಸುಗೆ ಸೇತುವೆ ಕಟ್ಟಿರಲಿಲ್ಲ. ಸಂತೋಷದಿಂದ ಅವರು ಅದರ ಮೇಲೆ ಚೀಟಿ ಅಂಟಿಸಿದರು: "ಮೂರನೇ ದರ್ಜೆ. ಪಾಸು." ಕೆಳಗೆ ಸಹಿ.

ಅಧ್ಯಕ್ಷರು ಆ ಚೀಟಿ ಓದಿದ್ದು ಸಂಜೆ, ವಾಹನ ನಿಲ್ಲಿಸುವ ಜಾಗದಲ್ಲಿ. ಓದಿದವರೇ ಅಲ್ಲೇ, ಸ್ಕೂಟರುಗಳ ನಡುವೆ, ತುರ್ತು ಸಭೆ ಕರೆದರು.

"ಮಹನೀಯರೇ, ಮಹಿಳೆಯರೇ," ಎಂದರು. "ನಾವೆಲ್ಲ ಪ್ರತಿ ತಿಂಗಳೂ ನಿರ್ವಹಣಾ ಶುಲ್ಕ ಕಟ್ಟೋರು. ನಮ್ಮ ಪ್ರಾಣಕ್ಕೆ ಇವರು ತಂದಿರೋದು ಏನು? ಮೂರನೇ ದರ್ಜೆ!"

ಜನ ಹಾ ಎಂದರು. ಎರಡನೆಯ ಮಹಡಿಯ ದರ್ಜಿ, "ನಾನಾದ್ರೆ ಮೂರನೇ ದರ್ಜೆ ಬಟ್ಟೆಯಿಂದ ದಿಂಬಿನ ಚೀಲಾನೂ ಹೊಲಿಯಲ್ಲ," ಎಂದ.

ಆಗ್ಲಿಬಿಡಿಯವರು ಎದ್ದು ನಿಂತರು. "ಸಾರ್, ಮೂರನೇದೇ ಒಳ್ಳೇದು. ಒಂದನೇ ದರ್ಜೆ ಆಟಿಕೆಗಳಿಗೆ."

"ಅಂದ್ರೆ?" ಅಧ್ಯಕ್ಷರ ಹುಬ್ಬು ಹಣೆಯ ಅರ್ಧಕ್ಕೆ ಏರಿತು. "ಫಸ್ಟ್ ಕ್ಲಾಸ್ ಕೇಳೋ ನಾವೆಲ್ಲ ಆಟದ ಬೊಂಬೆಗಳು ಅಂತೀರಾ?"

"ನಿಮ್ಮನ್ನಲ್ಲ ಸಾರ್, ಬೋರ್ಡನ್ನ..."

"ಇವರೇ ಮೂರನೇ ದರ್ಜೇಲಿ ಪಾಸಾದೋರಂತೆ," ಎಂದಳು ಗುಂಪಿನಿಂದ ಒಬ್ಬ ಹೆಂಗಸು. "ಪಾಪ, ಬಚ್ಚಲುಮನೆ ಪಕ್ಕ ನೇತುಹಾಕಿದ್ದಾರೆ. ನಾನೇ ಕಣ್ಣಾರೆ ನೋಡ್ದೆ."

ಎಲ್ಲರ ಕಣ್ಣೂ ಹೆಡ್‌ಮಾಸ್ತರ ಕಡೆ ತಿರುಗಿತು. ಅಳಿಯನ ಮರ್ಯಾದೆ ಅವರ ನಾಲಗೆಯ ತುದಿಯಲ್ಲಿತ್ತು. ಆದರೆ ಹೆಡ್‌ಮಾಸ್ತರರು ಸುಳ್ಳು ಹೇಳುವವರಲ್ಲ. "ಮಗ್ಗಿ ಪರವಾಗಿಲ್ಲ," ಎಂದರು. "ಹದಿನೇಳರಲ್ಲಿ ಸ್ವಲ್ಪ ಎಡವುತ್ತಾನೆ."

ಸಭೆ ಒಮ್ಮತದ ತೀರ್ಮಾನ ಮಾಡಿತು: ಇನ್ನು ಮುಂದೆ ಈ ಕಟ್ಟಡದೊಳಗೆ ಮೂರನೇ ದರ್ಜೆಯ ಯಾವ ವಸ್ತುವನ್ನೂ ಅಳವಡಿಸತಕ್ಕದ್ದಲ್ಲ. ಸಭೆಯ ಮುಂದೆಯೇ ಅಧ್ಯಕ್ಷರು ಕಾರ್ಖಾನೆಯ ಯಜಮಾನರಿಗೆ ಫೋನು ಮಾಡಿ, "ನಮಗೆ ಒಂದನೇ ದರ್ಜೆಯೇ ಬೇಕು. ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀವಿ," ಎಂದು ಗುಡುಗಿದರು.

ಮರುದಿನ ಯಜಮಾನರು ಆಗ್ಲಿಬಿಡಿಯವರನ್ನು ಕರೆಸಿದರು. ಬೈಗುಳಕ್ಕೆ ತಯಾರಾಗಿ ಬಂದವರಿಗೆ ಕುರ್ಚಿ ಸಿಕ್ಕಿತು, ಚಹಾ ಸಿಕ್ಕಿತು.

"ರೀ, ನಿಮ್ಮ ಆ ತರಬೇತಿ ಪುಸ್ತಕದಲ್ಲಿ ಒಂದನೇ ದರ್ಜೆ ಅಂತ ಇದೆಯಾ?"

"ಇದೆ ಸಾರ್."

"ಅದಕ್ಕೆ ತೂತು ಪೂರ್ತಿ ತುಂಬಿರಬೇಕಾ?"

"ಬೇಕಿಲ್ಲ ಸಾರ್. ಸುಮಾರಾಗಿದ್ರೂ ನಡೆಯುತ್ತೆ."

"ಹಾಗಾದ್ರೆ ಕೆಂಪು ಡಬ್ಬದಲ್ಲಿರೋ ಬೋರ್ಡುಗಳು, ಅರ್ಧ ತುಂಬಿದವು, ಯಾವ ದರ್ಜೆ?"

ಆಗ್ಲಿಬಿಡಿಯವರು ಯೋಚಿಸಿದರು. ಮೇಡಂ ಹೇಳಿದ್ದನ್ನು ನೆನಪಿಸಿಕೊಂಡರು. ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. "ಒಂದನೇ ದರ್ಜೆಗೆ ಆಗುತ್ತೆ ಸಾರ್."

ಯಜಮಾನರ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ಅವರು ಕಸ ಎಂದುಕೊಂಡದ್ದು ಒಂದನೇ ದರ್ಜೆಯ ಸರಕಾಗಿತ್ತು! "ನೋಡಿದ್ರಾ? ಜನ ಕೇಳ್ತಿರೋದು ಒಂದನೇ ದರ್ಜೆ. ನಮ್ಮ ಹತ್ರ ಡಬ್ಬ ತುಂಬ ಇರೋದು ಒಂದನೇ ದರ್ಜೆ. ಚೀಟಿ ಮೇಲೆ ಬರೆಯೋದೂ ಒಂದನೇ ದರ್ಜೆ. ಇದರಲ್ಲಿ ಒಂದೇ ಒಂದು ಸುಳ್ಳಿದ್ರೆ ತೋರಿಸಿ."

ಆಗ್ಲಿಬಿಡಿಯವರು ಹುಡುಕಿದರು. ಸುಳ್ಳು ಸಿಗಲಿಲ್ಲ. ಎಲ್ಲವೂ ನಿಜವಾಗಿದ್ದೂ ಏನೋ ತಪ್ಪಾಗಿದೆ ಎಂದು ಅನಿಸಿತು. ಆದರೆ ಅದಕ್ಕೆ ಪುಸ್ತಕದಲ್ಲಿ ಹೆಸರಿರಲಿಲ್ಲ.

"ಅದು ಲಿಫ್ಟು ಸಾರ್. ಜನ ಹತ್ತೋದು."

"ಜನ ಕೇಳಿದ್ದನ್ನ ಜನಕ್ಕೆ ಕೊಡಬಾರದಾ? ಯೋಚನೆ ಮಾಡ್ಬೇಡಿ, ಸಹಿ ಮಾಡಿ. ಸಂಜೆ ಒಳಗೆ ಕೆಂಪು ಡಬ್ಬ ಖಾಲಿ ಆಗ್ಬೇಕು. ಆ ಮೂರನೇ ದರ್ಜೆ ಬೋರ್ಡು ನಿಮ್ಮ ಹತ್ರಾನೇ ಇಟ್ಕೊಳ್ಳಿ, ನನ್ನ ಕಾಣಿಕೆ."

ಚಹಾ ಕುಡಿದಾಗಿತ್ತು. ಕುಡಿದ ಚಹಾದ ಮುಂದೆ ಇಲ್ಲ ಎನ್ನುವುದು ಹೇಗೆ? ಅವರು ಒಂದೊಂದಾಗಿ ಸಹಿ ಮಾಡಿದರು. ಪ್ರತಿ ಸಹಿಯೂ ಹಿಂದಿನದಕ್ಕಿಂತ ಚಿಕ್ಕದಾಗುತ್ತ ಬಂದು, ಕೊನೆಯದು ಭೂತಗನ್ನಡಿ ಇಲ್ಲದೆ ಕಾಣುತ್ತಿರಲಿಲ್ಲ.

ಒಂದನೇ ದರ್ಜೆಯ ಬೋರ್ಡು ಕಟ್ಟಡಕ್ಕೆ ಬಂದದ್ದೇ ತಡ, ಆಗ್ಲಿಬಿಡಿಯವರ ಸ್ಥಿತಿಯೇ ಬದಲಾಯಿತು. ದರ್ಜಿ ಎದುರಿಗೆ ಸಿಕ್ಕಾಗ ನಮಸ್ಕಾರ ಹಾಕಿದ. ಪ್ರಮಾಣಪತ್ರ ನೋಡಿ ಬಂದ ಹೆಂಗಸು, "ನಿಮ್ಮ ಯಜಮಾನ್ರು ಎಷ್ಟು ಬೇಗ ಮೇಲಕ್ಕೆ ಬಂದುಬಿಟ್ರು!" ಎಂದು ಹೆಂಡತಿಯ ಕೈ ಹಿಡಿದಳು. ಮಾವ ಮಗ್ಗಿ ಕೇಳುವುದನ್ನು ನಿಲ್ಲಿಸಿದರು. ಮೂರರಿಂದ ಒಂದಕ್ಕೆ, ಅದೂ ಒಂದೇ ವಾರದಲ್ಲಿ. ಹೆಡ್‌ಮಾಸ್ತರರ ಬೋಧನೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆಗ್ಲಿಬಿಡಿಯವರು ಮಾತ್ರ ಅನ್ನ ಕಲಸುತ್ತ ಕೂತುಬಿಡುತ್ತಿದ್ದರು. "ರೀ, ಏನಾಗಿದೆ ನಿಮಗೆ?" ಎಂದರೆ, "ತೂತು," ಎನ್ನುತ್ತಿದ್ದರು. ಹೆಂಡತಿ ಅವರ ಅಂಗಿಗಳನ್ನೆಲ್ಲ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

ಮೆಕ್ಯಾನಿಕ್ ಬೋರ್ಡು ಕೂರಿಸಿ, ಚೀಟಿ ನೋಡಿ, ತಲೆ ಕೆರೆದುಕೊಂಡು, "ಇದೇನಾ ಹಾಕೋದು?" ಎಂದು ಕೇಳಿದ. ಅಧ್ಯಕ್ಷರು, "ಹಾಕಯ್ಯಾ, ಒಳ್ಳೇ ಮಾಲು ಬಂದಾಗ ಪ್ರಶ್ನೆ ಕೇಳಬಾರದು," ಎಂದರು. ಅವನು ಹಾಕಿದ. ಖಾಲಿ ಲಿಫ್ಟು ಒಂದೆರಡು ಸಲ ಏರಿ ಇಳಿಯಿತು.

ಭಾನುವಾರ ಉದ್ಘಾಟನೆ. ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ರಿಬ್ಬನ್ನು. ಮುಖ್ಯ ಅತಿಥಿ ಹೆಡ್‌ಮಾಸ್ತರು. ವಿಶೇಷ ಆಹ್ವಾನಿತರಾಗಿ ಕಾರ್ಖಾನೆಯ ಯಜಮಾನರೇ ಹೊಸ ಬೂಟು ಹಾಕಿಕೊಂಡು ಬಂದಿದ್ದರು. ಹೆಡ್‌ಮಾಸ್ತರರು "ಪ್ರಯತ್ನ ಮತ್ತು ಪ್ರಗತಿ" ಎಂಬ ವಿಷಯದ ಮೇಲೆ ಮಾತಾಡುತ್ತ, ಕೆಳಗಿದ್ದವರು ಮೇಲೇರಲು ಮೆಟ್ಟಿಲು ಬೇಕಿಲ್ಲ, ಮನಸ್ಸಿದ್ದರೆ ಸಾಕು ಎಂದರು. ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಸವೆಸಿದ್ದ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಗಣ್ಯರು ಒಳಗೆ ನುಗ್ಗಿದರು. ಅಧ್ಯಕ್ಷರು, ಯಜಮಾನರು, ಮಾವ, ದರ್ಜಿ, ಪ್ರಮಾಣಪತ್ರದ ಹೆಂಗಸು, ಇನ್ನೂ ಕೆಲವರು ಹೆಗಲಿಗೆ ಹೆಗಲು ಒತ್ತಿ ನಿಂತರು. ಬಾಗಿಲು ಮುಚ್ಚತೊಡಗಿತು.

ಆಗ ಆಗ್ಲಿಬಿಡಿಯವರು ಓಡಿ ಬಂದು ಬಾಗಿಲ ಸಂದಿಯಲ್ಲಿ ಕಾಲು ತುರುಕಿದರು.

"ಇಳೀರಿ! ಎಲ್ಲರೂ ಇಳೀರಿ! ಇದರಲ್ಲಿ ಹೋಗಬೇಡಿ!"

"ಯಾಕ್ರೀ?"

"ಇದು ಒಂದನೇ ದರ್ಜೆ ಕಣ್ರೀ!"

ಜನ ಮತ್ತೆ ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ತಟ್ಟಬೇಡಿ! ನಾನು ಹೇಳ್ತಿದ್ದೀನಿ, ಬರೀ ಒಂದನೇ ದರ್ಜೆ! ಶುದ್ಧ ಒಂದನೇ ದರ್ಜೆ!"

"ಎಂಥ ವಿನಯ," ಎಂದಳು ಹೆಂಗಸು. ಕೆಲವರು ಶಿಳ್ಳೆ ಹಾಕಿದರು. ಯಜಮಾನರು ಒಳಗಿಂದಲೇ ಹೊಸ ಬೂಟಿನ ತುದಿಯಿಂದ ಆಗ್ಲಿಬಿಡಿಯವರ ಕಾಲನ್ನು ಮೆಲ್ಲಗೆ ಹೊರಕ್ಕೆ ನೂಕಿದರು. ಮಾವ, "ಸಂತೋಷ ಜಾಸ್ತಿಯಾದ್ರೆ ಹೀಗೇ ಆಗುತ್ತೆ. ಮಗಳೇ, ಅವನಿಗೆ ನೀರು ಕೊಡು," ಎಂದರು. ಬಾಗಿಲು ಮುಚ್ಚಿತು. ಲಿಫ್ಟು ಏರಿತು.

ಮೂರನೇ ಮಹಡಿ ದಾಟಿ, ನಾಲ್ಕನೆಯದು ತಲುಪುವ ಮೊದಲು ಒಮ್ಮೆ ಜಗ್ಗಿ, ಅಲ್ಲಾಡಿ, ನಿಂತುಬಿಟ್ಟಿತು. ದೀಪ ಆರಿತು. ಒಳಗಿಂದ ಬಂದ ಕೂಗಿನಲ್ಲಿ ಯಾವುದು ಅಧ್ಯಕ್ಷರದ್ದು ಯಾವುದು ಯಜಮಾನರದ್ದು ಎಂದು ಹೇಳಲಾಗುತ್ತಿರಲಿಲ್ಲ. ಭಯದಲ್ಲಿ ಎಲ್ಲರದ್ದೂ ಒಂದೇ ದನಿ.

ಆಗ್ಲಿಬಿಡಿಯವರು ಮೆಟ್ಟಿಲು ಹಾರಿ ಹಾರಿ ಹತ್ತಿದರು. ಮೆಕ್ಯಾನಿಕ್ ಆಗಲೇ ತುದಿಯ ಯಂತ್ರದ ಕೋಣೆ ನೋಡಿ ಇಳಿದು ಬಂದಿದ್ದ. "ಬೋರ್ಡು ಹೋಯ್ತು. ಅಲ್ಲಾಡೋ ಹೊತ್ತಿಗೆ ಒಂದು ಕಾಲು ಬೆಸುಗೆ ಬಿಟ್ಟಿದೆ. ಒಳ್ಳೇದೊಂದಿದ್ರೆ ಈಗಲೇ ಹಾಕ್ತೀನಿ."

"ಇದೆ! ಮನೇಲಿ ಬೀರುವಿನ ಮೇಲಿದೆ. ಮೂರನೇ ದರ್ಜೆ."

"ಮತ್ತೆ? ಹಾಕಬೇಕಾದ್ದೇ ಅದು ಅಲ್ವಾ?" ಎಂದ ಮೆಕ್ಯಾನಿಕ್. ಇಡೀ ಕಟ್ಟಡದಲ್ಲಿ ಆ ಮಾತು ಹೇಳಿದ ಮೊದಲನೆಯವನು ಅವನು. ಆಗ್ಲಿಬಿಡಿಯವರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ಆದರೆ ಬಾಗಿಲ ಸಂದಿಯಿಂದ ಅಧ್ಯಕ್ಷರ ದನಿ ಬಂತು. "ಏನು ಹಾಕ್ತಿದ್ದೀರಿ? ಮೂರನೇ ದರ್ಜೆನಾ? ಆಗೋದಿಲ್ಲ! ಸಭೆಯ ತೀರ್ಮಾನ ಇದೆ. ಅದನ್ನ ಮೀರೋ ಅಧಿಕಾರ ನನಗೇ ಇಲ್ಲ!"

"ಸಾರ್, ನೀವು ಒಳಗೆ ಸಿಕ್ಕಿ ಹಾಕ್ಕೊಂಡಿದ್ದೀರಿ."

"ಎಲ್ಲೇ ಸಿಕ್ಕಿ ಹಾಕ್ಕೊಂಡಿದ್ರೂ ನಿಯಮ ನಿಯಮವೇ. ಅಲ್ಲ, ಮೊದಲು ಇದನ್ನ ಹೇಳಿ. ಒಂದನೇ ದರ್ಜೆಗೂ ಮೂರನೇದಕ್ಕೂ ವ್ಯತ್ಯಾಸ ಏನು?"

ಜೀವಮಾನದಲ್ಲೇ ಮೊದಲ ಸಲ ಆಗ್ಲಿಬಿಡಿಯವರ ಮಾತು ಕೇಳಲು ಜನ ಇದ್ದರು. ಕೇಳದೆ ಎದ್ದು ಹೋಗಲು ಅವರಿಗೆ ದಾರಿಯೇ ಇರಲಿಲ್ಲ. "ಬೋರ್ಡಲ್ಲಿ ತೂತಿರುತ್ತೆ ಸಾರ್. ಅದರೊಳಗೆ ಬೆಸುಗೆ ತುಂಬಬೇಕು. ಒಂದನೇ ದರ್ಜೇಲಿ ಅರ್ಧ ತುಂಬಿದ್ರೂ ಪಾಸು. ಮೂರನೇದ್ರಲ್ಲಿ ಹೆಚ್ಚುಕಡಿಮೆ ಪೂರ್ತಿ ತುಂಬಿರಬೇಕು."

ಕತ್ತಲ ಪೆಟ್ಟಿಗೆಯೊಳಗಿಂದ ಅಧ್ಯಕ್ಷರು, ಅಂದರೆ ಜೀವನಪೂರ್ತಿ ಹಲ್ಲಿನ ತೂತು ತುಂಬಿ ಅನ್ನ ಉಂಡ ಮನುಷ್ಯ, ಆರ್ತನಾದ ಮಾಡಿದರು.

"ಅರ್ಧ ತುಂಬಿದ್ದಾ? ತೂತಿಗೆ ಅರ್ಧ ಫಿಲ್ಲಿಂಗಾ? ಅಯ್ಯೋ, ಅದು ಒಂದು ತುತ್ತಿಗೂ ನಿಲ್ಲಲ್ಲ ಕಣ್ರೀ! ಮೊದಲೇ ಹೀಗೆ ಹೇಳೋದಲ್ವಾ!"

"ಹಾಗಾದ್ರೆ ಮೂರನೇ ದರ್ಜೆ ಹಾಕ್ಲಾ ಸಾರ್?"

"ಹಾಕಿ! ಅಲ್ಲ, ತಾಳಿ. ತೀರ್ಮಾನ..."

"ತೀರ್ಮಾನ ಬದಲಾಯಿಸಬೇಕಾದ್ರೆ ಸಭೆ ಕರೀರಿ!" ಎಂದು ಹೆಡ್‌ಮಾಸ್ತರರು ಗುಡುಗಿದರು. "ಅರ್ಧ ಸಂಘ ಇಲ್ಲೇ ನನ್ನ ಕಾಲ ಮೇಲೆ ನಿಂತಿದೆ."

ಹೀಗೆ, ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ತೂಗುತ್ತ, ಸಂಘದ ವಿಶೇಷ ಸಭೆ ನಡೆಯಿತು.

"ಒಪ್ಪಿಗೆ ಇರೋರು ಕೈ ಎತ್ತಿ," ಎಂದರು ಅಧ್ಯಕ್ಷರು.

"ಎತ್ತೋಕೆ ಜಾಗ ಇಲ್ಲ," ಎಂದ ದರ್ಜಿ. "ಈಗ ನನ್ನ ಕೈ ಯಾರ ಜೇಬಿನಲ್ಲಿದೆ ಅಂತ ನನಗೇ ಗೊತ್ತಿಲ್ಲ."

"ಹಾಗಾದ್ರೆ ಹೂಂ ಅನ್ನಿ."

ಎಲ್ಲರೂ ಹೂಂ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಹೂಂ ಎಂದದ್ದು ಕಾರ್ಖಾನೆಯ ಯಜಮಾನರು. ನೀವು ಸದಸ್ಯರಲ್ಲ ಎಂದು ಅಧ್ಯಕ್ಷರು ನೆನಪಿಸಿದರು. ಯಜಮಾನರು ಅಳುವ ದನಿಯಲ್ಲಿ, ಈಗಲೇ ಸದಸ್ಯನಾಗುತ್ತೇನೆ ಎಂದರು.

ಆಗ್ಲಿಬಿಡಿಯವರು ಮನೆಗೆ ಓಡಿ ಬೋರ್ಡು ತಂದರು. ಮೆಕ್ಯಾನಿಕ್ ಕೂರಿಸಿದ. ದೀಪ ಹತ್ತಿತು. ಲಿಫ್ಟು ಏನೂ ಆಗಿಯೇ ಇಲ್ಲವೆಂಬಂತೆ ನಾಲ್ಕನೇ ಮಹಡಿಗೆ ಬಂದು ಬಾಗಿಲು ತೆರೆಯಿತು. ಗಣ್ಯರು ಒಬ್ಬರ ಮೇಲೊಬ್ಬರು ಹೊರಗೆ ಬಿದ್ದರು. ಮಾವ ಅಳಿಯನ ಭುಜ ಹಿಡಿದು ನಿಂತು, ಉಸಿರು ತಿರುಗಿದ ಮೇಲೆ, "ಮೂರು ದೊಡ್ಡದು ಕಣಪ್ಪಾ, ಒಂದಕ್ಕಿಂತ," ಎಂದರು. ಇಷ್ಟು ಸಣ್ಣ ಲೆಕ್ಕ ಒಪ್ಪಿಕೊಳ್ಳಲು ಅವರಿಗೆ ಅಷ್ಟು ಎತ್ತರದಲ್ಲಿ ತೂಗಬೇಕಾಯಿತು.

ಯಜಮಾನರು ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಮುಖ ಸುಣ್ಣ.

"ರೀ," ಎಂದರು ಆಗ್ಲಿಬಿಡಿಯವರಿಗೆ, "ಡಬ್ಬದಲ್ಲಿ ಉಳಿದಿದ್ವಲ್ಲ, ಒಂದನೇ ದರ್ಜೆಯವು..."

"ಹೂಂ ಸಾರ್."

"ಎಲ್ಲಾನೂ ದೊಡ್ಡಾಸ್ಪತ್ರೆಯ ಹೊಸ ಲಿಫ್ಟುಗಳಿಗೆ ಕಳಿಸಿಬಿಟ್ಟಿದ್ದೀನಿ."

ಆಗ್ಲಿಬಿಡಿಯವರು ಯಜಮಾನರ ಕೈ ಹಿಡಿದು ಎಬ್ಬಿಸಿದರು, ದರದರ ಎಳೆದುಕೊಂಡೇ ಕೆಳಗಿಳಿದರು. ಯಜಮಾನರನ್ನು ನೌಕರನೊಬ್ಬ ಹೀಗೆ ಎಳೆದುಕೊಂಡು ಹೋಗುವುದನ್ನು ನೋಡಿ, "ಒಂದನೇ ದರ್ಜೆ ಆದಮೇಲೆ ಧೈರ್ಯ ನೋಡು!" ಎಂದರು ಕೆಳಗಡೆ ನಿಂತು ಏನೂ ತಿಳಿಯದಿದ್ದವರು.

ಕಾರು ನೇರ ದೊಡ್ಡಾಸ್ಪತ್ರೆಗೆ ಹೋಗಿ ನಿಂತಿತು. ಆಸ್ಪತ್ರೆಯ ಉಗ್ರಾಣ ನಾಲ್ಕನೇ ಮಹಡಿಯಲ್ಲಿತ್ತು. ಯಜಮಾನರು ಲಿಫ್ಟಿನ ಕಡೆ ಕಣ್ಣು ಕೂಡ ಹಾಯಿಸದೆ ಮೆಟ್ಟಿಲು ಹಿಡಿದರು. ಮೇಲೆ ಮುಟ್ಟಿದಾಗ ಉಗ್ರಾಣದ ಬಾಗಿಲ ಹೊರಗೇ ಅವರ ಕಾರ್ಖಾನೆಯ ಪೆಟ್ಟಿಗೆಗಳು ಒಂದರ ಮೇಲೊಂದು ನಿಂತಿದ್ದವು. ಕನ್ನಡಕದ ಉಗ್ರಾಣಾಧಿಕಾರಿಣಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಈ ಪೆಟ್ಟಿಗೆ ಕಳಿಸಿದೋರು ನೀವೇನಾ? ತಗೊಂಡು ಹೋಗಿ ಇದನ್ನ! ಆಸ್ಪತ್ರೆಗೆ ಒಂದನೇ ದರ್ಜೆ ಬೋರ್ಡು ಕಳಿಸೋಕೆ ಎಷ್ಟು ಧೈರ್ಯ ನಿಮಗೆ? ನಮ್ಮ ಲಿಫ್ಟಲ್ಲಿ ಹೋಗೋರು ರೋಗಿಗಳು ಅಂದ್ಕೊಂಡ್ರಾ, ಬೊಂಬೆಗಳು ಅಂದ್ಕೊಂಡ್ರಾ?"

ಸರಕು ವಾಪಸಾದಾಗ ಸಂತೋಷಪಟ್ಟ ವ್ಯಾಪಾರಿಯನ್ನು ಆ ಆಸ್ಪತ್ರೆ ಅಲ್ಲಿಯವರೆಗೆ ಕಂಡಿರಲಿಲ್ಲ. ಯಜಮಾನರು ಕೈ ಮುಗಿದರು, ಪೆಟ್ಟಿಗೆಗೆ ಹಣೆ ಹಚ್ಚಿದರು, "ನೀವು ದೇವತೆ ತಾಯಿ," ಎಂದರು.

ಅಧಿಕಾರಿಣಿ ಕರಗಲಿಲ್ಲ. "ಇದಕ್ಕೆ ಸಹಿ ಮಾಡಿದೋರು ಯಾರು?"

ಯಜಮಾನರು ಬಾಯಿ ತೆರೆಯುವ ಮೊದಲೇ, "ನಾನು," ಎಂದರು ಆಗ್ಲಿಬಿಡಿಯವರು. "ಲಿಫ್ಟಿಗೆ ಇದು ಆಗೋದಿಲ್ಲ ಅಂತ ಗೊತ್ತಿದ್ದೇ ಮಾಡ್ದೆ. ತಪ್ಪಾಯ್ತು. ಇನ್ಮೇಲೆ ನನ್ನ ಸಹಿ ಇದ್ರೆ ಅದು ಮೂರನೇದೇ."

ಅಧಿಕಾರಿಣಿ ಕನ್ನಡಕದ ಮೇಲಿಂದ ಅವರನ್ನು ಅಳೆದು ನೋಡಿದರು. ವ್ಯಾಪಾರದ ವಾಸನೆ ಹಿಡಿದ ಯಜಮಾನರು ತಕ್ಷಣ ಎದೆಯುಬ್ಬಿಸಿದರು. "ನೋಡಿದ್ರಾ ಮೇಡಂ? ನಮ್ಮದು ಎಂಥ ಸಂಸ್ಥೆ! ಒಂದನ್ನ ಒಂದು ಅಂತಲೇ ಬರೀತೀವಿ. ಬೇರೆಯೋರಾಗಿದ್ರೆ ಮೂರು ಅಂತ ಬರೆದು ಕಳಿಸ್ತಿದ್ರು. ಮೋಸ ನಮ್ಮ ರಕ್ತದಲ್ಲೇ ಇಲ್ಲ."

"ಅದೂ ನಿಜವೇ," ಎಂದರು ಅಧಿಕಾರಿಣಿ ಸ್ವಲ್ಪ ಮೆತ್ತಗಾಗಿ. "ಮೂರನೇ ದರ್ಜೇಲಿ ಮಾಡಿಸಿ ತನ್ನಿ, ನೋಡೋಣ. ಇವರೇ ಪರೀಕ್ಷೆ ಮಾಡಬೇಕು."

ಯಜಮಾನರು ಗೆದ್ದವರ ಹಾಗೆ ಎರಡು ಪೆಟ್ಟಿಗೆ ತಲೆಯ ಮೇಲೆ ಹೊತ್ತು, ಹೊಸ ಬೂಟು ಕಿರಗುಟ್ಟಿಸುತ್ತ ಮೆಟ್ಟಿಲು ಇಳಿದರು. ಉಳಿದ ಪೆಟ್ಟಿಗೆಗಳನ್ನು ಆಗ್ಲಿಬಿಡಿಯವರು ಆಸ್ಪತ್ರೆಯ ಹಳೆಯ ಲಿಫ್ಟಿಗೆ ತುಂಬಿಕೊಂಡರು. ಬಾಗಿಲ ಹೊರಗೆ ಒಬ್ಬ ಅಜ್ಜಿ ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ಅನುಮಾನಿಸುತ್ತ ನಿಂತಿದ್ದರು.

"ಇದು ಫಸ್ಟ್ ಕ್ಲಾಸಾಗಿದೆಯೇನಪ್ಪಾ? ನಡುವೆ ನಿಂತೀತು ಗಿಂತೀತು."

ಆಗ್ಲಿಬಿಡಿಯವರು ಬಾಯಿ ತೆರೆದರು. ಬೆಸುಗೆ, ತೂತು, ಆಟಿಕೆ, ಎಲ್ಲವೂ ನಾಲಗೆಗೆ ಬಂದವು. ಎಲ್ಲವನ್ನೂ ನುಂಗಿಕೊಂಡರು.

"ಇಲ್ಲ ಅಜ್ಜಿ. ಆದ್ರೆ ನಾನೂ ಇದರಲ್ಲೇ ಬರ್ತಿದ್ದೀನಿ."

"ಹಾಗಾದ್ರೆ ಸರಿ," ಎಂದು ಅಜ್ಜಿ ಹತ್ತಿದರು. ಲಿಫ್ಟು ಸದ್ದಿಲ್ಲದೆ ಇಳಿಯತೊಡಗಿತು. "ಏನು ಕೆಲಸ ಮಾಡ್ತೀಯಪ್ಪಾ ನೀನು?"

"ಲಿಫ್ಟಿನ ಬೋರ್ಡು ಪರೀಕ್ಷೆ ಮಾಡ್ತೀನಿ ಅಜ್ಜಿ. ಮೂರನೇ ದರ್ಜೆ ಇನ್ಸ್‌ಪೆಕ್ಟರ್ರು."

ಅಜ್ಜಿ ಅವರ ಬೆನ್ನು ಸವರಿದರು. "ಬೇಜಾರು ಮಾಡ್ಕೋಬೇಡ ಮಗ. ನನ್ನ ಮಗನೂ ಮೂರನೇ ದರ್ಜೇಲೇ ಪಾಸಾದೋನು. ಈಗ ಇದೇ ಆಸ್ಪತ್ರೇಲಿ ದೊಡ್ಡ ಡಾಕ್ಟರು. ನಾಳೆ ನನ್ನ ಕಣ್ಣಿನ ಆಪರೇಷನ್ ಅವನೇ ಮಾಡ್ಬೇಕಾಗಿತ್ತು."

"ಮಾಡ್ಬೇಕಾಗಿತ್ತು ಅಂದ್ರೆ?"

ನೆಲಮಹಡಿ ಬಂತು. ಬಾಗಿಲು ತೆರೆಯಿತು. ಅಜ್ಜಿ ಆಚೆ ಈಚೆ ನೋಡಿ, ಬಟ್ಟೆಯ ಗಂಟನ್ನು ಕಂಕುಳಿಗೆ ಏರಿಸಿದರು.

"ಅದಕ್ಕೇ ಮನೆಗೆ ಓಡಿ ಹೋಗ್ತಿದ್ದೀನಿ," ಎಂದು, ಯಾರ ಕಣ್ಣಿಗೂ ಬೀಳದಂತೆ ಗೇಟಿನ ಕಡೆ ಸರಸರ ನಡೆದರು.